ಹತ್ತಿಯಣ್ಣ ಕೊಡದೆ ಇಟ್ಟ ಚೀಟಿ

ಬೀದಿಯವರೆಲ್ಲ ಅವನನ್ನು ಹತ್ತಿಯಣ್ಣ ಎನ್ನುತ್ತಿದ್ದರು. ಹಾಸಿಗೆ ಹೊಲಿಯುವುದು ಅವನ ಕಸುಬು. ಹುಬ್ಬಿನ ಮೇಲೆ ಸದಾ ಒಂದೆರಡು ಎಳೆ ಹತ್ತಿ ಕೂತಿರುತ್ತಿದ್ದುದರಿಂದ ಅವನು ಇಪ್ಪತ್ತರಲ್ಲೇ ಮುದುಕನಂತೆ ಕಾಣುತ್ತಿದ್ದ. ಅರವತ್ತು ದಾಟಿದ ಮೇಲೂ ಹಾಗೇ ಕಾಣುತ್ತಿದ್ದ, ಆ ಮಟ್ಟಿಗೆ ಲಾಭವೇ. ಮನೆಯ ಮುಂಭಾಗ ಅಂಗಡಿ, ಹಿಂದೆ ಅಡುಗೆಮನೆ, ಪಕ್ಕದಲ್ಲೊಂದು ಕೋಣೆ, ಕೋಣೆಯ ಮೇಲೆ ಅಟ್ಟ. ಗಂಟುಗಟ್ಟಿದ ಹಳೆ ಹಾಸಿಗೆ ಬಿಚ್ಚುವುದು, ಹತ್ತಿ ಹಿಂಜುವುದು, ಮತ್ತೆ ತುಂಬಿ ಉದ್ದನೆಯ ದಬ್ಬಣದಿಂದ ಹೊಲಿಯುವುದು, ಇಷ್ಟರಲ್ಲೇ ಅವನ ಆಯುಷ್ಯ ಸವೆದಿತ್ತು. "ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಗಾದೆ ಕಟ್ಟಿದವನು ನನ್ನ ಹೊಟ್ಟೆ ಮೇಲೆ ಹೊಡೆದ, ನೀವು ಕಾಲಿದ್ದಷ್ಟು ಹಾಸಿಗೆ ಹೊಲಿಸ್ಕೊಳ್ಳಿ" ಎಂದು ನಗಿಸುತ್ತಿದ್ದ. ಹೊರಟ ಗಿರಾಕಿ ಥ್ಯಾಂಕ್ಸ್ ಎಂದರೆ ಅವನ ಬಾಯಲ್ಲಿ ಬರುವ ಮಾತು ಒಂದೇ: "ಸುಖವಾಗಿ ನಿದ್ದೆ ಮಾಡಿ."

ಇದ್ದೊಬ್ಬ ಮಗಳನ್ನು ಒಬ್ಬ ಹೋಟೆಲ್ ಕೆಲಸದವನಿಗೆ ಕೊಟ್ಟ. ಹೋಟೆಲಿನ ಹಾಸಿಗೆಗಳನ್ನು ರಿಪೇರಿಗೆಂದು ಗಾಡಿಯಲ್ಲಿ ಹೇರಿಕೊಂಡು ಬರುತ್ತಿದ್ದ ಹುಡುಗ ಅವನು. ಚೆನ್ನಾಗಿರುವ ಹಾಸಿಗೆಗಳೂ ವಾರಕ್ಕೊಮ್ಮೆ ರಿಪೇರಿಗೆ ಬರತೊಡಗಿದಾಗಲೇ ಹತ್ತಿಯಣ್ಣನಿಗೆ ವಾಸನೆ ಬಡಿದಿತ್ತು. ಮದುವೆಗೆ ತಾನೇ ಕೂತು, ಎಳೆ ಎಳೆ ಆರಿಸಿ, ಜೋಡಿ ಹಾಸಿಗೆ ಹೊಲಿದುಕೊಟ್ಟ. ಹೊಸ ಅಳಿಯ ವಿನಯದಿಂದ "ಥ್ಯಾಂಕ್ಸ್ ಮಾವ" ಎಂದ. ಹತ್ತಿಯಣ್ಣ ಕಣ್ಣು ಕೆಂಪಗೆ ಮಾಡಿದ.

"ಥ್ಯಾಂಕ್ಸ್ ಅನ್ನೋರು ಗಿರಾಕಿಗಳು. ಮನೆಯೋರು ಹಾಗನ್ನಲ್ಲ. ಇನ್ನೊಂದ್ಸಲ ಅಂದ್ರೆ ಹಾಸಿಗೆ ವಾಪಸ್ ಇಸ್ಕೊಳ್ತೀನಿ ನೋಡಿ ಅಳಿಯಂದ್ರೇ."

ಅಳಿಯ ಮತ್ತೆಂದೂ ಅನ್ನಲಿಲ್ಲ.

ಮುಂದೆ ಅವನಿಗೆ ಹೊರದೇಶದ ದೊಡ್ಡ ಹೋಟೆಲಿನಲ್ಲಿ, ಹಾಸಿಗೆ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಸಿಕ್ಕಿತು. ಹಾಸಿಗೆಯನ್ನೂ ಹೆಂಡತಿಯನ್ನೂ ಮಾವನ ಮನೆಯಲ್ಲಿ ಬಿಟ್ಟುಹೋದ. ಹೆಂಡತಿಯನ್ನು ಕರೆಸಿಕೊಳ್ಳಲು ಅವಳ ಜನನ ಪ್ರಮಾಣಪತ್ರ, ಮದುವೆಯ ಪ್ರಮಾಣಪತ್ರ ಬೇಕು ಎಂದು ಅಲ್ಲಿಂದ ಫೋನು ಮಾಡಿದ. ಹತ್ತಿಯಣ್ಣ ಒಗೆದ ಅಂಗಿ ತೊಟ್ಟು ಕಚೇರಿಗೆ ಹೋಗಿ ಸಾಲಿನಲ್ಲಿ ನಿಂತ. ಕಿಟಕಿಯ ಹಿಂದಿನ ಗುಮಾಸ್ತ "ಯಾವ ಉದ್ದೇಶಕ್ಕೆ?" ಎಂದು ಕೇಳಿದ್ದೇ ತಡ, "ಮಗಳು ಗಂಡನ ಹತ್ರ ಹೋಗ್ತಾಳೆ ಸ್ವಾಮಿ, ಹೊರದೇಶಕ್ಕೆ!" ಎಂದು ಇಡೀ ಸಾಲಿಗೆ ಕೇಳುವಂತೆ ಹೇಳಿದ. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಆ ಗುಮಾಸ್ತ ಅಂಥ ಆಸಾಮಿ. ಅಂದು ಮಾತ್ರ ನಕ್ಕು ಸೀಲು ಹೊಡೆದ.

ಕಾಗದಪತ್ರ ಎಲ್ಲ ಬಂದವು. ಹೋಗಬೇಕಾದವಳಿಗೆ ಜ್ವರ ಬಂತು. ಮಾಮೂಲಿ ಜ್ವರ ಎಂದುಕೊಂಡರು. ಕಷಾಯ ಕುಡಿಸಿದರು, ಮಾತ್ರೆ ನುಂಗಿಸಿದರು, ಬೆಳಗಾದರೆ ಆಸ್ಪತ್ರೆಗೆ ಕರೆದೊಯ್ಯೋಣ ಎಂದರು. ಬೆಳಗಾಗುವಷ್ಟರಲ್ಲಿ ಅವಳು ಅಪ್ಪ ಹೊಲಿದ ಹಾಸಿಗೆಯ ಮೇಲೆಯೇ ತಣ್ಣಗಾಗಿದ್ದಳು. ಗಂಡ ಓಡೋಡಿ ಬಂದ. ಅವನು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಸ್ಮಶಾನದ ಕಾವಲುಗಾರ ಒಂದು ಚೀಟಿ ಬರೆದುಕೊಟ್ಟು, "ಇದನ್ನ ಕಚೇರಿಗೆ ಕೊಟ್ಟು ಸಾವು ಬರೆಸಿಬಿಡಿ" ಎಂದಿದ್ದ. ಹತ್ತಿಯಣ್ಣ ಅದನ್ನು ಅಂಗಿ ಜೇಬಿನಲ್ಲಿಟ್ಟುಕೊಂಡು ಮನೆಗೆ ಬಂದ. ಆ ಹಾಸಿಗೆ ಎಸೆದುಬಿಡಿ ಎಂದು ಜನ ಹೇಳಿದರು. ಅವನು ಎಸೆಯಲಿಲ್ಲ. ಅಳಿಯ ಕೆಲಸಕ್ಕೆ ಮರಳಿದ ಮೇಲೆ ಅದನ್ನು ಬಿಚ್ಚಿ, ಹತ್ತಿಯನ್ನು ಬಿಸಿಲಿಗೆ ಹಾಕಿ, ಹಿಂಜಿ, ಮತ್ತೆ ತುಂಬಿದ. ಕೊನೆಯ ಅಂಚು ಹೊಲಿಯುವ ಮುಂಚೆ ಜೇಬಿನಿಂದ ಚೀಟಿ ತೆಗೆದು ಹತ್ತಿಯ ನಡುವೆ ಇಟ್ಟು ಹೊಲಿದುಬಿಟ್ಟ. ಕಚೇರಿಯ ಪುಸ್ತಕದಲ್ಲಿ ತನ್ನ ಮಗಳು ಹುಟ್ಟಿದ್ದಾಳೆ, ಮದುವೆಯಾಗಿದ್ದಾಳೆ; ಅಷ್ಟಕ್ಕೇ ನಿಂತಿರಲಿ ಎಂದು ಅವನ ಲೆಕ್ಕ. ಹುಚ್ಚು ಎನ್ನಿ ಬೇಕಾದರೆ. ಹೆತ್ತವರ ಹುಚ್ಚಿಗೆ ಮದ್ದು ಎಲ್ಲಿದೆ? ಅವನ ಹೆಂಡತಿ ಬಾಗಿಲಲ್ಲಿ ನಿಂತು ಎಲ್ಲ ನೋಡಿದಳು. ಹಾಸಿಗೆಯನ್ನು ಅಟ್ಟಕ್ಕೆ ಏರಿಸುವಾಗ ತಾನೂ ಒಂದು ಕಡೆ ಹಿಡಿದಳು.

ಅಳಿಯ ಮಾತ್ರ ನಂಟು ಬಿಡಲಿಲ್ಲ. ವರ್ಷಗಳು ಉರುಳಿದರೂ ಪ್ರತಿ ಭಾನುವಾರ ಫೋನು ಬರುತ್ತಿತ್ತು. "ಮಾವ, ಊಟ ಆಯ್ತಾ? ಅತ್ತೆ ಮಂಡಿ ನೋವು ಹೇಗಿದೆ?" ಮಾತು ಅಷ್ಟೇ. ಹತ್ತಿಯಣ್ಣನಿಗೆ ಅಕ್ಕತಂಗಿಯರಿಲ್ಲ, ಬೇರೆ ಮಕ್ಕಳಿಲ್ಲ. ಲೋಕದಲ್ಲಿ ಅವನನ್ನು ಮಾವ ಎನ್ನುವವನು ಇವನೊಬ್ಬನೇ. ಆ ಎರಡಕ್ಷರ ಕಿವಿಗೆ ಬಿದ್ದಾಗಲೆಲ್ಲ ಮಗಳು ಒಳಗೆಲ್ಲೋ ಪಾತ್ರೆ ತೊಳೆಯುತ್ತಿದ್ದಾಳೆ, ಈಗ ಕೈ ಒರೆಸಿಕೊಂಡು ಬರುತ್ತಾಳೆ ಅನ್ನಿಸುತ್ತಿತ್ತು.

ಒಂದು ಭಾನುವಾರ ಅಳಿಯ ತಡವರಿಸಿದ.

"ಮಾವ, ನಿಮ್ಮನ್ನ ಕೇಳೋಕೆ ನಾಲಿಗೆ ಏಳ್ತಿಲ್ಲ. ಇಲ್ಲಿ ನಮ್ಮ ಜೊತೆ ಇಸ್ತ್ರಿ ಮಾಡೋಳು ಒಬ್ಬಳಿದ್ದಾಳೆ. ಅವಳಿಗೂ ಯಾರೂ ಇಲ್ಲ. ಮದುವೆ ಆಗೋಣ ಅಂತ... ಆದ್ರೆ ಇಲ್ಲಿ ಬಾಯಿಮಾತು ನಂಬಲ್ಲ. ಮೊದಲನೆಯವಳು ಇಲ್ಲ ಅನ್ನೋದಕ್ಕೆ ಮರಣ ಪ್ರಮಾಣಪತ್ರ ಕೇಳ್ತಾರೆ. ನಿಮ್ಮನೇಲಿ ಆಗಿದ್ದಕ್ಕೆ ನೀವೇ ಬರೆಸಬೇಕಂತೆ."

"ಅದಕ್ಕೇನು, ತರೋಣ" ಎಂದ ಹತ್ತಿಯಣ್ಣ. ಅವನ ಕೈಯಲ್ಲಿದ್ದ ದಬ್ಬಣ ನೆಲಕ್ಕೆ ಬಿದ್ದದ್ದು ಅಳಿಯನಿಗೆ ಕಾಣಲಿಲ್ಲ.

ತರೋಣ ಎಂದವನು ಬೀದಿ ತುದಿಯನ್ನೂ ದಾಟಲಿಲ್ಲ. ಒಂದು ಭಾನುವಾರ ಕಚೇರಿಗೆ ಸುಣ್ಣ ಹೊಡೀತಿದ್ದಾರೆ ಎಂದ. ಮುಂದಿನ ಸಲ ಕಂಪ್ಯೂಟರ್ ಕೆಟ್ಟಿತು. ಆಮೇಲೆ ಗುಮಾಸ್ತನ ಅತ್ತೆಯನ್ನು ಸಾಯಿಸಿದ. ಅವಳನ್ನು ಇನ್ನೊಮ್ಮೆ ಸಾಯಿಸಲು ಹೊರಟಾಗ ಅಳಿಯ, "ಮಾವ, ಗುಮಾಸ್ತರ ಅತ್ತೆ ಹೋದ ತಿಂಗಳೇ ತೀರಿಕೊಂಡ್ರಲ್ಲ?" ಎಂದ. ಹತ್ತಿಯಣ್ಣ ಹುಬ್ಬಿನ ಹತ್ತಿ ಒರೆಸಿಕೊಂಡ. "ನಿಮಗೆ ಆಗಲ್ಲ ಅಂದ್ರೆ ಬಿಡಿ ಮಾವ. ನಾನು ಹೀಗೇ ಇದ್ಬಿಡ್ತೀನಿ" ಎಂದು ಅಳಿಯ ಮೆಲ್ಲಗೆ ಹೇಳಿ ಫೋನಿಟ್ಟ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಅಡುಗೆಮನೆಯಿಂದ ಹೆಂಡತಿ ಬಂದು ಎದುರಿಗೆ ಕೂತಳು.

"ಎಷ್ಟು ದಿನ ಅಂತ ಅವಳನ್ನ ಅಟ್ಟದ ಮೇಲೆ ಮಲಗಿಸ್ತೀರಿ?"

"ಕೊಟ್ಬಿಟ್ರೆ ಅವನು ನಮಗೇನೂ ಅಲ್ಲದೆ ಹೋಗ್ತಾನೆ ಕಣೇ."

"ಹೋಗ್ಲಿ. ನಮ್ಮ ಮಗಳಂತೂ ಎದ್ದು ಬರಲ್ಲ. ಬದುಕಿರೋನನ್ನೂ ಯಾಕೆ ಅವಳ ಪಕ್ಕದಲ್ಲಿ ಮಲಗಿಸ್ಬೇಕು? ಅವನ ಜಾಗದಲ್ಲಿ ನಮ್ಮ ಹುಡುಗಿ ಇದ್ದಿದ್ರೆ ಏನ್ ಮಾಡ್ತಿದ್ರಿ?" ಎಂದಳು. ಅಷ್ಟು ವರ್ಷ ಅವನೆದುರು ಅಳದ ಹೆಂಗಸು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. "ನಾನೂ ಹೆತ್ತವಳೇ ಅಲ್ವಾ. ನಿಮಗೊಬ್ರಿಗೇನಾ ಕರುಳಿರೋದು?"

ಹತ್ತಿಯಣ್ಣ ಎದ್ದು ಅಟ್ಟಕ್ಕೆ ಏಣಿ ಹಾಕಿದ. ಹಾಸಿಗೆ ಇಳಿಸಿ ಅಂಚಿನ ಹೊಲಿಗೆ ಬಿಚ್ಚಿದ. ಇಷ್ಟು ವರ್ಷ ಯಾರೂ ಮಲಗದಿದ್ದರೂ ಹತ್ತಿ ಗಂಟುಗಟ್ಟಿತ್ತು. ಮೊಣಕೈವರೆಗೆ ತೂರಿಸಿ ತಡಕಾಡಿದ. ಚೀಟಿ ಸಿಕ್ಕಿತು. ಇಲಿ ತಿಂದಿರಲಿ ಎಂದು ಒಳಗೊಳಗೇ ಬೇಡಿಕೊಂಡಿದ್ದ. ಒಂದು ಮೂಲೆಯೂ ಹರಿದಿರಲಿಲ್ಲ.

ಕಚೇರಿಯಲ್ಲಿ ಅದೇ ಕಿಟಕಿ, ಅದೇ ಗುಮಾಸ್ತ, ಕೂದಲು ಮಾತ್ರ ಕಡಿಮೆ. ಚೀಟಿಯನ್ನು ತಿರುಗಿಸಿ ನೋಡಿ, ಅಂಟಿದ್ದ ಹತ್ತಿಯನ್ನು ಊದಿದ.

"ಇಷ್ಟು ವರ್ಷ ಏನ್ ಮಾಡ್ತಿದ್ರಿ? ತಡ ಆಗಿದ್ದಕ್ಕೆ ಕಾರಣ ಏನಂತ ಬರೀಲಿ?"

"ಮನಸ್ಸು ಬರಲಿಲ್ಲ ಅಂತ ಬರೀರಿ ಸ್ವಾಮಿ."

"ಹಾಗೆಲ್ಲ ಬರೆಯೋಕಾಗಲ್ಲ. ತಿಳುವಳಿಕೆ ಇರಲಿಲ್ಲ ಅಂತ ಹಾಕ್ತೀನಿ." ಬರೆದುಕೊಂಡ. "ಯಾವ ಉದ್ದೇಶಕ್ಕೆ?"

"ಮದುವೆಗೆ."

ಗುಮಾಸ್ತ ತಲೆ ಎತ್ತಲಿಲ್ಲ. "ಯಜಮಾನ್ರೇ, ಇದು ಮರಣದ್ದು. ಮದುವೆದು ಪಕ್ಕದ ಕಿಟಕಿ."

"ಗೊತ್ತು" ಎಂದ ಹತ್ತಿಯಣ್ಣ. "ಮರಣದ್ದೇ. ಮದುವೆಗೇ ಬೇಕು. ನನ್ನ ಅಳಿಯನ ಮದುವೆ." ಈ ಸಲ ಸಾಲಿನಲ್ಲಿದ್ದ ಯಾರಿಗೂ ಕೇಳಿಸಲಿಲ್ಲ. ಗುಮಾಸ್ತ ಅವನ ಮುಖ ನೋಡಿದ. ಹುಬ್ಬಿನ ಹತ್ತಿಯನ್ನು ನೋಡಿ ಗುರುತು ಹತ್ತಿರಬೇಕು. ಅಲ್ಲಿಗೆ ಹೋಗು ಇಲ್ಲಿಗೆ ಬಾ ಎಂದು ಒಮ್ಮೆಯೂ ಅಲೆಸದೆ, ಸಾಕ್ಷಿಗಳನ್ನು ಕರೆತನ್ನಿ, ಪ್ರಮಾಣ ಮಾಡಿಸೋಣ ಎಂದಷ್ಟೇ ಹೇಳಿದ.

ಪ್ರಮಾಣಪತ್ರ ಬಂತು. ಗಂಡಹೆಂಡಿರು ಅದನ್ನು ದಪ್ಪ ಲಕೋಟೆಯೊಳಗೆ ಹಾಕಿ ಅಳಿಯನ ವಿಳಾಸಕ್ಕೆ ಕಳಿಸಿದರು. ಹೊರದೇಶಕ್ಕೆ ಹೋಗಬೇಕಾಗಿದ್ದ ಮಗಳು ಕೊನೆಗೂ ಹೀಗೆ ಹೋದಳು.

ಅದಾದ ಮೇಲೆ ಎರಡು ಭಾನುವಾರ ಫೋನು ಬರಲಿಲ್ಲ. ಮೂರನೆಯ ವಾರ ಬಂತು, ಭಾನುವಾರವಲ್ಲ, ವಾರದ ನಡುವೆ. ಹಿಂದೆ ಜನರ ಗದ್ದಲ, ಯಾರೋ ಹೆಂಗಸಿನ ನಗು. ಹತ್ತಿಯಣ್ಣ ಬಿಚ್ಚಿದ ಹಾಸಿಗೆಯ ನಡುವೆ ಕೂತಿದ್ದ.

"ಕಾಗದ ತಲುಪಿತು. ಇವತ್ತು ಮದುವೆ ಆಯ್ತು" ಎಂದ ಅಳಿಯ. ಧ್ವನಿಯಲ್ಲಿ ಸಂತೋಷವಿತ್ತು, ಸಂಕೋಚವೂ ಇತ್ತು. "ನಿಮ್ಮಿಂದ ತುಂಬಾ ಉಪಕಾರ ಆಯ್ತು. ತುಂಬಾ ಥ್ಯಾಂಕ್ಸ್."

ಮಾವ ಎನ್ನುತ್ತಾನೇನೋ ಎಂದು ಹತ್ತಿಯಣ್ಣ ತುಸು ಕಾದ. ಆ ಕಡೆಯವನೂ ಯಾವುದೋ ಮಾತಿಗೆ ತಡಕಾಡುತ್ತಿದ್ದಂತಿತ್ತು. ಹಿಂದಿನಿಂದ ಯಾರೋ ಅವನನ್ನು ಕರೆದರು.

ಹತ್ತಿಯಣ್ಣ ದಬ್ಬಣ ಕೈಗೆತ್ತಿಕೊಂಡ.

"ಸುಖವಾಗಿ ನಿದ್ದೆ ಮಾಡಿ" ಎಂದ.