ಮೆರ್ವಿನ್ ಭಾವನ ಲೀವರ್ ಕೋವಿ

ನನ್ನ ಅಕ್ಕ ಅರ್ಲೀನಳ ಗಂಡ ಮೆರ್ವಿನ್, ಪೆನ್ಸಿಲ್ವೇನಿಯಾದ ನಮ್ಮ ಬೆಟ್ಟದ ಸೀಮೆಯಲ್ಲಿ ಹಾಲಿನ ಲಾರಿ ಓಡಿಸಿಯೇ ತಲೆ ನರೆಸಿಕೊಂಡವನು. ಹಿಮ ಬಿದ್ದು ಜಿಂಕೆ ಬೇಟೆ ಶುರುವಾಯಿತೆಂದರೆ ಮಾತ್ರ ಲಾರಿಯ ಕೀಲಿಯನ್ನು ಮಗನ ಕೈಗೆ ಕೊಟ್ಟು ನಮ್ಮ ಜೊತೆ ಬೇಟೆಮನೆಗೆ ಹೊರಟುಬಿಡುತ್ತಿದ್ದ. ಅವನದು ಲೀವರ್ ಕೋವಿ, ನನ್ನದು ಬೋಲ್ಟ್ ಕೋವಿ. ಜಗಳಕ್ಕೆ ಅಷ್ಟು ಸಾಕಿತ್ತು.

"ಅದೇನು ಕೋವೀನೋ ಕೊಟ್ಟಿಗೆ ಚಿಲಕಾನೋ, ಡೀನ್? ಎತ್ತು, ಹಿಂದಕ್ಕೆಳಿ, ಮುಂದಕ್ಕೆ ತಳ್ಳು, ಇಳಿಸು. ಅಷ್ಟರಲ್ಲಿ ಜಿಂಕೆ ಮೊಮ್ಮಕ್ಕಳ ಮುಖ ನೋಡಿರುತ್ತೆ," ಎಂದು ಅವನು ನನ್ನನ್ನು ಕೆಣಕುತ್ತಿದ್ದ.

"ನಿಂದು ಪೊದೆ ಒಳಗೆ ಸರಿ ಭಾವ. ಆಚೆ ದಿಬ್ಬದ ಜಿಂಕೆ ನಿನ್ನ ನೋಡಿ ಮೇಯ್ತಾನೇ ಇರುತ್ತೆ."

ನಿಜ ಹೇಳಬೇಕೆಂದರೆ ದೂರದ ಗುರಿಗೆ ನನ್ನ ಕೋವಿಯೇ ವಾಸಿ. ಆದರೆ ನಮ್ಮ ಕಾಡು ದಟ್ಟ, ಜಿಂಕೆ ಎದುರಾಗುವುದು ಅಂಗಳದಷ್ಟು ಹತ್ತಿರದಲ್ಲಿ. ಅಲ್ಲಿ ಅವನ ಗಿಡ್ಡ ಕೋವಿಯೇ ಮೇಲು. ಟ್ರಿಗರಿನ ಸುತ್ತಲಿನ ಹಿಡಿಯನ್ನು ಒಮ್ಮೆ ಕೆಳಕ್ಕೆ ಜಗ್ಗಿ ಮೇಲೆಳೆದರೆ ಒಳಗಿನ ತೋಟಾ ಹೊರಕ್ಕೆ ಹಾರಿ ಮುಂದಿನದು ಸಿದ್ಧ, ಕೋವಿಯನ್ನು ಭುಜದಿಂದ ಇಳಿಸುವ ಗೋಜೇ ಇಲ್ಲ. ಇದನ್ನು ಅವನೆದುರು ನಾನು ಒಪ್ಪಿದ್ದಿಲ್ಲ.

ಗುಂಡು ಹಾರಿಸಿ ಗುರಿ ತಪ್ಪಿದವನ ಅಂಗಿಯ ಹಿಂದಿನ ತುದಿಯನ್ನು ಕತ್ತರಿಸಿ ತೊಲೆಗೆ ಮೊಳೆ ಹೊಡೆದು ತಗುಲಿಸುವುದು ಬೇಟೆಮನೆಯ ಕಟ್ಟಳೆ. ತೊಲೆಯ ತುಂಬ ನಮ್ಮ ಅಂಗಿಚೂರುಗಳು. ಮೆರ್ವಿನ್‌ನದು ಒಂದೂ ಇಲ್ಲ.

ಅವನಿಗೆ ಎಪ್ಪತ್ತಾದ ವರ್ಷ, ಬೇಟೆಯ ಮೊದಲ ದಿನ. ಬೆಟ್ಟದ ತುಂಬ ಗುಂಡಿನ ಸದ್ದು. ನಾನು ಮೇಲೆ ಬಂಡೆಯ ಹತ್ತಿರ ಕೂತಿದ್ದೆ, ಅವನು ಕೆಳಗೆ. ಭಾರಿ ಕೊಂಬಿನ ಗಂಡು ಜಿಂಕೆಯೊಂದು ಅವನೆದುರಿಗೇ ಬಂದು ನಿಂತಿತು. ಅವನು ಕೋವಿ ಎತ್ತಿದ, ಲೀವರ್ ಜಗ್ಗಿದ, ಮತ್ತೆ ಜಗ್ಗಿದ, ಜಗ್ಗುತ್ತಲೇ ಹೋದ. ತೋಟಾಗಳು ಒಂದೊಂದಾಗಿ ಹಿಮಕ್ಕೆ ಬಿದ್ದವು. ಟ್ರಿಗರನ್ನು ಮಾತ್ರ ಒತ್ತಲೇ ಇಲ್ಲ. ಜಿಂಕೆ ಸಾವಕಾಶವಾಗಿ ನಡೆದುಹೋಯಿತು.

ನಾನು ನಗುತ್ತಲೇ ಇಳಿದು ಬಂದೆ. ಅವನ ಮುಖ ನೋಡಿದ್ದೇ ನಗು ಇಂಗಿಹೋಯಿತು.

"ಐದೂ ತಪ್ಪಿದ್ವು ಕಣೋ. ಇಷ್ಟು ಹತ್ರ. ಕಣ್ಣು ಹೋಯ್ತು ನಂದು."

ಸುತ್ತಲಿನ ಗುಂಡಿನ ಸದ್ದಿನಲ್ಲಿ ತಾನೂ ಹಾರಿಸಿದೆನೆಂದೇ ಅವನು ನಂಬಿದ್ದ. ನನ್ನ ಮಾತಿಗೂ ಕಾಯದೆ ತಲೆ ತಗ್ಗಿಸಿ ನಡೆದುಬಿಟ್ಟ. ನಾನು ತೋಟಾಗಳನ್ನು ಆರಿಸಿ ಜೇಬಿಗೆ ಹಾಕಿಕೊಂಡೆ.

ಸಂಜೆ ಊಟಕ್ಕೆ ಮುಂಚೆ ಅವನೇ ಅಂಗಿಯನ್ನು ಹೊರಗೆಳೆದು, ಬೇಟೆಮನೆಯ ಹಿರಿಯ ರೋಲೆಂಡ್‌ನ ಮುಂದೆ ನಿಂತ.

"ಕತ್ತರಿಸು. ಇದೇ ಮೊದಲು, ಇದೇ ಕೊನೆ. ಕಣ್ಣು ಕಾಣದವನು ಕಾಡಿಗೆ ಬಂದ್ರೆ ಯಾರಿಗಾದ್ರೂ ಗುಂಡು ಬಿದ್ದೀತು. ನಾಳೆ ಮನೆಗೆ ಹೋಗ್ತೀನಿ. ಇನ್ನು ಬರಲ್ಲ."

ರೋಲೆಂಡ್ ಕತ್ತರಿ ಕೈಗೆತ್ತಿಕೊಂಡ. ಜಿಂಕೆ ಕಂಡು ಕೈಕಾಲು ನಡುಗಿ, ಹಾರಿಸದೆಯೇ ಕೋವಿ ಬರಿದು ಮಾಡುವುದು ಎಳಸು ಬೇಟೆಗಾರರ ರೋಗ. ಹಾಗೆ ಮಾಡಿದವರನ್ನು ಮೆರ್ವಿನ್ನೇ ವರ್ಷಗಟ್ಟಲೆ ಗೋಳು ಹೊಯ್ದುಕೊಂಡಿದ್ದ. ನಾನು ಬಾಯಿ ಬಿಟ್ಟರೆ ಅವನು ಸಾಯುವ ತನಕ ನಗೆಪಾಟಲು. ಬಿಡದಿದ್ದರೆ ನಾಳೆಯಿಂದ ಅವನಿಲ್ಲದ ಬೇಟೆಮನೆ. ಅದು ನನ್ನಿಂದ ಆಗದ ಮಾತು. ಅವನನ್ನು ನಾನು ಅಷ್ಟು ಹಚ್ಚಿಕೊಂಡಿದ್ದೆ.

ತೋಟಾಗಳನ್ನು ಮೇಜಿನ ಮೇಲೆ ಸುರಿದೆ. "ನೀನು ಒಂದೂ ಹೊಡೀಲಿಲ್ಲ ಭಾವ. ಬರೀ ಲೀವರ್ ಜಗ್ಗಿದೆ. ಎಲ್ಲಾ ಹಾಗ್ಹಾಗೇ ಇವೆ ನೋಡು."

ಸೂರು ಹಾರಿಹೋಗುವ ಹಾಗೆ ಎಲ್ಲರೂ ನಕ್ಕರು. "ಹೊಡೀದೆ ಇದ್ಮೇಲೆ ತಪ್ಪೋದೆಲ್ಲಿಂದ ಬಂತು?" ಎಂದು ರೋಲೆಂಡ್ ಕತ್ತರಿ ಕೆಳಗಿಟ್ಟ.

ಮೆರ್ವಿನ್ ನಗಲಿಲ್ಲ. ಒಂದು ತೋಟಾವನ್ನು ದೀಪಕ್ಕೆ ಹಿಡಿದು, ಅದರ ತಳವನ್ನು ಹೆಬ್ಬೆರಳಿನಿಂದ ಸವರಿ ನೋಡಿದ. ಹಾರಿದ ತೋಟಾದ ತಳದಲ್ಲಿರಬೇಕಾದ ಪೆಟ್ಟಿನ ಗುರುತಿರಲಿಲ್ಲ. ಇನ್ನೊಂದನ್ನೂ ನೋಡಿದ. ನನ್ನ ಕಡೆ ತಿರುಗಿದಾಗ ಅವನ ಕಣ್ಣು ತುಂಬಿತ್ತು.

"ಹಾಗಾದ್ರೆ ಕಣ್ಣು ಹೋಗಿಲ್ಲ. ಜಿಂಕೆ ನೋಡಿ ನಡುಗಿಬಿಟ್ನೇನೋ ನಾನು?"

"ಎಳೇ ಹುಡುಗನ ಹಾಗೆ."

"ಈ ವಯಸ್ಸಲ್ಲೂ," ಎಂದು ಅವನು ಎಲ್ಲರ ಮುಖವನ್ನೂ ಹೆಮ್ಮೆಯಿಂದ ನೋಡಿದ. "ಈ ವಯಸ್ಸಲ್ಲೂ ನೋಡ್ರೋ."