ರಟ್ಟಿನ ಅಂಕಲ್ ಮತ್ತು ಸಾಸಿವೆ ಬೌಲ್

ಮೊನ್ನೆ ಶನಿವಾರ ಗರಾಜಿನಲ್ಲಿ ಹಳೇ ಫೋಟೋ ಹುಡುಕುತ್ತಿದ್ದೆ. ಕನ್ನಡ ಸಂಘದ ಸ್ಮರಣ ಸಂಚಿಕೆಗೆ ಸಂಘದ ಇತಿಹಾಸ ಬರೆಯೋ ಕೆಲಸ ನನ್ನ ತಲೆಗೆ ಬಿದ್ದಿದೆ. ಮೀಟಿಂಗಿಗೆ ಹೋಗದವರ ತಲೆಗೇ ಇಂಥವು ಬೀಳೋದು. ವಾಟರ್ ಹೀಟರಿನ ಹಿಂದಿನಿಂದ ಯಾರೋ ನನ್ನನ್ನೇ ನೋಡಿ ನಗುತ್ತಿದ್ದರು. ಎದೆ ಧಸಕ್ಕೆಂದಿತು. ನೋಡಿದರೆ ಫೆಲಿಕ್ಸ್ ಅಂಕಲ್. ಸೊಂಟದವರೆಗೆ ಮಾತ್ರ, ಅದೂ ರಟ್ಟಿನವರು. ಕೈಯಲ್ಲಿ ಬಿಸಿಬೇಳೆಬಾತಿನ ಪೇಪರ್ ಪ್ಲೇಟು.

ಈ ರಟ್ಟಿನ ಅಂಕಲ್ ಕಥೆ ಹೇಳಬೇಕಾದರೆ ಮೊದಲು ಒಂದು ಬೌಲ್ ಗೇಮಿನ ಚರಿತ್ರೆ ಹೇಳಬೇಕು. ಹೆದರಬೇಡಿ, ನನಗೂ ಫುಟ್‌ಬಾಲ್ ಗೊತ್ತಿಲ್ಲ. ಮೈಸೂರು ಬಿಟ್ಟು ಅಮೆರಿಕದ ಡರ್ಹಮ್‌ಗೆ ಬಂದು ಇಷ್ಟು ವರ್ಷವಾದರೂ, ಹೆಸರಿಗೆ ಕಾಲಿನಾಟ, ಹೊತ್ತುಕೊಂಡು ಓಡೋದು ಕೈಯಲ್ಲಿ ಅನ್ನೋದಷ್ಟೇ ತಲೆಗೆ ಹತ್ತಿರೋದು. ಕಾಲೇಜು ಟೀಮುಗಳ ಸೀಸನ್ ಮುಗಿದ ಮೇಲೆ, ಚಾಂಪಿಯನ್ ಆಗಲಾರದ ಎರಡು ಟೀಮುಗಳನ್ನು ಡಿಸೆಂಬರ್ ಚಳಿಯಲ್ಲಿ ಕರೆತಂದು ಇನ್ನೊಂದು ಸಲ ಆಡಿಸಿ, ಗೆದ್ದವರ ಕೈಗೆ ಒಂದು ಕಪ್ ಕೊಟ್ಟು ಸಮಾಧಾನ ಮಾಡಿ ಕಳಿಸೋದೇ ಬೌಲ್ ಗೇಮ್. ಇಂಥವು ದೇಶದ ತುಂಬಾ ಇವೆ. ನಮ್ಮದು ಎರಡೂವರೆ ಗಂಟೆ ಡ್ರೈವ್ ದೂರದಲ್ಲಿ.

ಹುಟ್ಟಿದಾಗ ಅದಕ್ಕೆ ಊರಿನ ಹೆಸರಿತ್ತು. ಆಮೇಲೆ ಟೈರ್ ಕಂಪನಿಯವರು ಸ್ಪಾನ್ಸರ್ ಮಾಡಿದರು, ಟೈರ್ ಬೌಲ್ ಆಯಿತು. ಅವರು ಕೈಬಿಟ್ಟ ಮೇಲೆ ಇನ್ಶೂರೆನ್ಸ್ ಬೌಲ್, ಅದಾದ ಮೇಲೆ ಹಾಸಿಗೆ ಬೌಲ್. ಈಗ ಸಾಸಿವೆ ಸಾಸ್ ಮಾಡೋರದು. ಗೆದ್ದ ಕೋಚನ್ನು ಕುರ್ಚಿಯಲ್ಲಿ ಕೂರಿಸಿ ತಲೆ ಮೇಲೆ ಒಂದು ಬಕೆಟ್ ಹಳದಿ ಸಾಸ್ ಸುರೀತಾರೆ. ಗೊಮ್ಮಟನಾದರೂ ಅಭಿಷೇಕಕ್ಕೆ ಹನ್ನೆರಡು ವರ್ಷ ಕಾಯ್ತಾನೆ, ಇವರಿಗೆ ಪ್ರತಿ ವರ್ಷ ಬೇಕು. ಹೆಸರು ಬದಲಾದಾಗೆಲ್ಲ ಹಿಂದಿನ ಹೆಸರು ದಾಖಲೆಯಿಂದಲೇ ಮಾಯ. ಸಾಸಿವೆಯವರ ಬುಕ್‌ಲೆಟ್ ಓದಿದರೆ ಆ ಮೈದಾನದಲ್ಲಿ ಟೈರ್ ಉರುಳಿಯೇ ಇಲ್ಲ, ಯಾರೂ ಹಾಸಿಗೆ ಹಾಸಿಯೇ ಇಲ್ಲ.

ನಿಜವಾದ ಚರಿತ್ರೆ ಇದ್ದದ್ದು ಫೆಲಿಕ್ಸ್ ಅಂಕಲ್ ನೋಟ್‌ಬುಕ್ಕಿನಲ್ಲಿ. ಮಂಗಳೂರಿನವರು. ರಿಸರ್ಚ್ ಟ್ರಯಾಂಗಲ್ ಪಾರ್ಕಿನ ಔಷಧಿ ಕಂಪನಿಯೊಂದರ ಕ್ವಾಲಿಟಿ ವಿಭಾಗದಲ್ಲಿದ್ದು ರಿಟೈರ್ ಆದವರು. ಮೊದಲ ಗೇಮಿಗೆ ಬಾಸ್ ಕೊಟ್ಟ ಪುಕ್ಕಟೆ ಟಿಕೆಟ್ಟಿನಲ್ಲಿ ಹೋದವರು ಆಮೇಲೆ ಒಂದೂ ಬಿಡಲಿಲ್ಲ. ಆ ವರ್ಷದ ಹೆಸರೇನು, ಯಾರು ಗೆದ್ದರು, ಚಳಿ ಎಷ್ಟಿತ್ತು, ಎಲ್ಲಾ ಬರೆದು ಕೆಳಗೆ ಸಹಿ. ತಪ್ಪಾದರೆ ಅಳಿಸೋ ಹಾಗಿಲ್ಲ, ಅದು ಅವರ ಲ್ಯಾಬಿನ ನಿಯಮ. ತಪ್ಪಿನ ಮೇಲೆ ಒಂದೇ ಒಂದು ಗೆರೆ, ಅಡಿಯಲ್ಲಿರೋದು ಓದೋಕೆ ಬರಬೇಕು. ಪಕ್ಕದಲ್ಲಿ ಸರಿಯಾದ್ದು, ಸಹಿ, ತಾರೀಖು. ಹೆಂಡತಿ ಲಿಲ್ಲಿ ಆಂಟಿಯ ದಿನಸಿ ಚೀಟಿಯನ್ನೂ ಹೀಗೇ ತಿದ್ದುತ್ತಾರೆ ಅಂತ ನಾವು ಆಡಿಕೊಳ್ಳುತ್ತಿದ್ದೆವು. ಆಟ ಅವರಿಗೆಷ್ಟು ಅರ್ಥವಾಗುತ್ತಿತ್ತೋ ದೇವರೇ ಬಲ್ಲ.

ಕೋವಿಡ್ ವರ್ಷ ಸ್ಟೇಡಿಯಮ್ಮಿಗೆ ಜನರನ್ನು ಬಿಡಲಿಲ್ಲ. ಬದಲಿಗೆ, ಫೋಟೋ, ದುಡ್ಡು ಕಳಿಸಿ, ರಟ್ಟಿನಲ್ಲಿ ಮಾಡಿಸಿ ನಿಮ್ಮ ಸೀಟಿನಲ್ಲಿ ಕೂರಿಸ್ತೀವಿ ಅಂತ ಸಾಸಿವೆಯವರ ಈಮೇಲ್ ಬಂತು. ಇಷ್ಟು ವರ್ಷದ ಸಾಲು ಮುರಿಯುತ್ತಲ್ಲ ಅಂತ ಅಂಕಲ್ ಮಂಕಾಗಿ ಕೂತಿದ್ದರು. ಅವರಿಗೆ ಹೇಳದೆ ನಾನೇ ಆರ್ಡರ್ ಮಾಡಿದೆ. ನನ್ನ ಫೋನಿನಲ್ಲಿ ಸಿಕ್ಕ ಒಂದೇ ಫೋಟೋ ಸಂಘದ ರಾಜ್ಯೋತ್ಸವದ ಊಟದ್ದು. ಹಾಗಾಗಿ ಟಿವಿಯವರ ಕ್ಯಾಮೆರಾ ಆ ಕಡೆ ತಿರುಗಿದಾಗ, ಮುಖಕ್ಕೆ ಬಣ್ಣ ಬಳಿದುಕೊಂಡ ರಟ್ಟಿನ ಅಮೆರಿಕನ್ನರ ಮಧ್ಯೆ ಒಬ್ಬರು ಬಿಸಿಬೇಳೆಬಾತ್ ಹಿಡಿದು ಕೂತಿದ್ದರು. ವಾಟ್ಸಾಪಿನಲ್ಲಿ ಊರೆಲ್ಲಾ ನಕ್ಕಿತು. ಅಂಕಲ್ ನನಗೆ ಥ್ಯಾಂಕ್ಸ್ ಹೇಳಿದರು, ನಗಲಿಲ್ಲ.

ಎರಡು ವರ್ಷ ಕಳೆದ ಮೇಲೆ ಸಾಸಿವೆಯವರಿಗೆ ಇದ್ದಕ್ಕಿದ್ದಂತೆ ಹಳೇ ಚರಿತ್ರೆ ಬೇಕಾಯಿತು. ಮೊದಲಿನಿಂದ ಒಂದೂ ಗೇಮ್ ತಪ್ಪಿಸದವರೊಬ್ಬರಿಗೆ ಮೈದಾನದ ಮಧ್ಯೆ ಸನ್ಮಾನ, ಹೆಸರು ಕೆತ್ತಿದ ಸೀಟು, ಅದೂ ಜೀವನಪರ್ಯಂತ. ಸೀಟಿನ ಮೇಲೆ ನಿಜಕ್ಕೂ ಹೆಸರು ಹಾಕ್ತಾರಾ ಅಂತ ಅಂಕಲ್ ಮೂರು ಸಲ ಫೋನ್ ಮಾಡಿ ಕೇಳಿದರು. ಈ ದೇಶದಲ್ಲಿ ಮೇಲ್‌ಬಾಕ್ಸ್ ಬಿಟ್ಟರೆ ಎಲ್ಲೂ ನನ್ನ ಹೆಸರಿಲ್ಲ ನೋಡು ಅಂದರು. ಅಷ್ಟು ಆಸೆ. ಅರ್ಜಿ ನಾನೇ ಟೈಪ್ ಮಾಡಿ, ಒಂದೂ ಗೇಮ್ ತಪ್ಪಿಸಿಲ್ಲ ಅಂತ ಬರೆದು, ಸಹಿ ಹಾಕಿಸಲು ಮನೆಗೆ ಒಯ್ದೆ. ರಟ್ಟು ಬಂದಿದ್ದರೂ ಬಂದ ಹಾಗೇ ಲೆಕ್ಕ ಅಂತ ಸಾಸಿವೆಯವರೇ ತಿಳಿಸಿದ್ದರು. ರಟ್ಟು ಮಾರಿದವರು ಇನ್ನೇನು ಹೇಳ್ತಾರೆ, ನೀವೇ ಹೇಳಿ.

ಅಂಕಲ್ ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. ಪೆನ್ನು ತೆಗೆದು ನನ್ನ ಆ ವಾಕ್ಯದ ಮೇಲೆ ಒಂದೇ ಒಂದು ಗೆರೆ ಎಳೆದರು. ಪಕ್ಕದಲ್ಲಿ, ಕೋವಿಡ್ ವರ್ಷ ನಾನು ಬಂದಿಲ್ಲ, ನನ್ನ ಫೋಟೋ ಬಂದಿತ್ತು ಅಂತ ಬರೆದು ಸಹಿ, ತಾರೀಖು ಹಾಕಿದರು.

ನನಗೆ ಸಿಟ್ಟು ನೆತ್ತಿಗೇರಿತು. "ಯಾರಿಗೆ ಗೊತ್ತಾಗುತ್ತೆ ಅಂಕಲ್?" ಅಂದೆ.

"ನನಗೆ ಗೊತ್ತುಂಟಲ್ಲ ಮಾರಾಯ," ಅಂದರು.

ಸೀಟು ಇನ್ನೊಬ್ಬರಿಗೆ ಹೋಯಿತು. ಕೋವಿಡ್ ವರ್ಷ ಆ ಇನ್ನೊಬ್ಬರ ಜಾಗದಲ್ಲಿ ಕೂತಿದ್ದೂ ರಟ್ಟೇ, ಮತ್ತೇನು. ಆ ಸನ್ಮಾನವನ್ನು ನಾನೂ ಅಂಕಲ್ಲೂ ಟಿಕೆಟ್ ತಗೊಂಡು ಮೇಲಿನ ಸಾಲಿನಿಂದ ನೋಡಿದೆವು. ಅಂಕಲ್ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕೂತ ಮೇಲೆ ಕನ್ನಡಕ ಒರೆಸಿದರು, ಬಹಳ ಹೊತ್ತು ಒರೆಸಿದರು. ಆಮೇಲೆ ಮಗಳ ಹತ್ತಿರ ಇರೋಣವೆಂದು ಮೇರಿಲ್ಯಾಂಡಿನ ಕೊಲಂಬಿಯಾಗೆ ಹೊರಟಾಗ ಅಂಕಲ್, ಸ್ಟೇಡಿಯಮ್ಮಿನಿಂದ ವಾಪಸ್ ಬಂದಿದ್ದ ಈ ರಟ್ಟನ್ನು ನನ್ನ ಕೈಗೆ ಕೊಟ್ಟು, ಮಾಡಿಸಿದ್ದು ನೀನಲ್ವಾ, ನೀನೇ ಇಟ್ಟುಕೋ ಅಂದಿದ್ದರು.

ಅಂಕಲ್ ಮೈಮೇಲಿನ ಧೂಳು ಒರೆಸಿ ಒಳಗೆ ತಂದು ಗೋಡೆಗೆ ಒರಗಿಸಿದೆ. ಮೇಜಿನ ಮೇಲೆ ಸಂಘದ ಇತಿಹಾಸದ ಪ್ರಿಂಟ್ ಇತ್ತು. ನಮ್ಮ ಸಂಘ ಒಂದು ವರ್ಷವೂ ಬಿಡದೆ ರಾಜ್ಯೋತ್ಸವ ಆಚರಿಸಿಕೊಂಡು ಬಂದಿದೆ ಅಂತ ನಾನೇ ಬರೆದಿದ್ದೆ. ಕೋವಿಡ್ ವರ್ಷದ್ದು ಜೂಮ್‌ನಲ್ಲಿ, ಎಲ್ಲರ ಕ್ಯಾಮೆರಾ ಆಫ್. ನಾಡಗೀತೆ ಹಾಡುವಾಗ ನಾನು ಡ್ರೈಯರಿನಿಂದ ಬಟ್ಟೆ ತೆಗೀತಿದ್ದೆ. ಮರುವರ್ಷ ಅದೂ ಇಲ್ಲ. ಅಧ್ಯಕ್ಷ ಯಾರಾಗಬೇಕು ಅಂತ ಎರಡು ಗುಂಪು ಜಗಳಕ್ಕೆ ಬಿದ್ದು ಹಾಲ್ ಬುಕ್ ಮಾಡೋದನ್ನೇ ಮರೆತಿದ್ದರು. ಪೆನ್ನು ತಗೊಂಡು ಆ ಸಾಲಿನ ಮೇಲೆ ಒಂದು ಗೆರೆ ಎಳೆದೆ. ಪಕ್ಕದಲ್ಲಿ ನಡೆದದ್ದು ಬರೆದೆ, ಸಹಿ ಹಾಕಿ ತಾರೀಖು ಹಾಕಿದೆ, ಫೋಟೋ ತೆಗೆದು ಅಧ್ಯಕ್ಷರಿಗೆ ಕಳಿಸಿದೆ.

ಐದು ನಿಮಿಷಕ್ಕೆ ಅವರ ಫೋನ್ ಬಂತು. ಇದೆಲ್ಲಾ ಈಗ್ಯಾಕ್ರೀ, ಯಾರಿಗೆ ಗೊತ್ತಾಗುತ್ತೆ ಅಂದರು. ನಾನು ಅಪ್ಪಟ ಮೈಸೂರಿನವನು, ಹುಟ್ಟಿದಾಗಿನಿಂದ ಬಾಯಲ್ಲಿ 'ಉಂಟು' ಅಂತ ಬಂದವನಲ್ಲ.

"ನನಗೆ ಗೊತ್ತುಂಟಲ್ಲ ಮಾರಾಯ್ರೇ," ಅಂದೆ.