ಸೊಸೆಯ ಹೆಸರಿನ ಕಫದ ಡಬ್ಬಿ

ಕೆಮ್ಮು ನಿಂತ ಮೇಲೆ ಆ ಅಜ್ಜಿ ಸೆರಗಿನಿಂದ ಬಾಯಿ ಒರೆಸಿಕೊಂಡು, ತೊಡೆಯ ಮೇಲಿದ್ದ ಮೊಮ್ಮಗನ ಕೆನ್ನೆಗೆ ಮುತ್ತು ಕೊಟ್ಟರು. ಸಿಂದಗಿ ಬಸ್ ನಿಲ್ದಾಣದಲ್ಲಿ ನಾನು ಅವರ ಪಕ್ಕದಲ್ಲೇ ಕುಳಿತಿದ್ದೆ. ಕೂಸಿನ ತಾಯಿ ಎಲ್ಲಿ ಎಂದು ಕೇಳಿದೆ.

“ಸೊಸಿಗೆ ಟಿ.ಬಿ. ಐತ್ರಿ ಯವ್ವಾ. ಕೂಸಿಗೆ ಹತ್ತಬಾರ್ದಂತ ತವರಮನಿಗೆ ಕಳಿಸೇವಿ,” ಎಂದರು. ದವಾಖಾನೆಗೆ ಹೊಸ ಯಂತ್ರ ಬಂದಿದೆಯಂತೆ. ಮುಂಜಾನೆ ಕಫ ಕೊಟ್ಟರೆ ಸಂಜೆಯೊಳಗೆ ರೋಗ ಹೇಳಿಬಿಡುತ್ತದಂತೆ. ಸೊಸೆಗೆ ಬಹಳ ಕೆಮ್ಮಿತ್ತೇ ಎಂದೆ.

“ಎಲ್ಲಿ ಕೆಮ್ಮರಿ, ಬರೇ ಸೊರಗಿದ್ಳು. ಡಬ್ಬಿ ಕೊಟ್ಟು ಕಫ ತರ್ರಿ ಅಂದ್ರು. ಆಕಿಗೆ ಎಷ್ಟ ಕ್ಯಾಕರಿಸಿದ್ರೂ ಬರಲಿಲ್ಲ. ಖಾಲಿ ಡಬ್ಬಿ ಹೆಂಗ ಒಯ್ಯೂದಂತ ನಾನ ಉಗುಳಿ ಕೊಟ್ಟೆ. ಒಂದ ಮನ್ಯಾಗ ಉಣ್ಣೋರು, ಯಾರದಾದ್ರೇನ್ರಿ?”

ಯಂತ್ರ ನೋಡಿದ್ದು ನಿಮ್ಮ ಕಫವನ್ನು, ರೋಗ ಇರುವುದು ನಿಮಗೆ, ಕೂಸನ್ನೂ ಕರೆದುಕೊಂಡು ಈಗಲೇ ದವಾಖಾನೆಗೆ ನಡೆಯಿರಿ ಎಂದು ಬಿಡಿಸಿ ಹೇಳಿದೆ. ಅವರು ನನ್ನನ್ನೇ ಹುಚ್ಚಿ ಎಂಬಂತೆ ನೋಡಿದರು. “ನಂದು ಒಲಿ ಹೊಗಿ ಕೆಮ್ಮರಿ, ಹಳೇದು,” ಎಂದವರೇ ಕೂಸನ್ನು ಎತ್ತಿಕೊಂಡು ತಾಳಿಕೋಟೆಯ ಬಸ್ಸು ಹತ್ತಿದರು. ಹಿಂದೆಯೇ ಓಡಿದೆ. ಹೆಸರು, ಊರು ಕೇಳುವಷ್ಟರಲ್ಲಿ ಬಸ್ಸು ಹೊರಟುಬಿಟ್ಟಿತು.

ರೋಗ ಇದೆಯೋ ಇಲ್ಲವೋ ಯಾರೂ ನೋಡಿಯೇ ಇಲ್ಲದ ಆ ಸೊಸೆ ಈಗ ತವರಿನಲ್ಲಿ ದಿನಾ ಗುಳಿಗೆ ನುಂಗುತ್ತಿರಬೇಕು. ಕೂಸಿಗೆ ಹತ್ತಬಾರದೆಂದು ಮನೆಯವರು ದೂರ ಕಳಿಸಿದ್ದು ಅವಳನ್ನು. ಕೂಸು ಮಲಗುವುದು ಅಜ್ಜಿಯ ಮಗ್ಗುಲಲ್ಲಿ.